ಶೆಡ್ಡಿನಲ್ಲಿ ಬಿಟ್ಟು ಬಂದ ತೋಳು

ಕೀಳ್ ಕೋತಗಿರಿಯ ಆ ಎಸ್ಟೇಟಿನಲ್ಲಿ ನಂಜಮ್ಮ ಮೂವತ್ತನಾಲ್ಕು ವರ್ಷ ಟೀ ಎಲೆ ಕಿತ್ತಿದ್ದಳು. ಕೊನೆಯ ಐದು ವರ್ಷದಿಂದ ಅವಳ ಭುಜಗಳು ಅವಳ ಮಾತು ಕೇಳುವುದನ್ನು ಬಿಟ್ಟಿದ್ದವು. ಬಲಗೈ ಎದೆಮಟ್ಟ ದಾಟಿದರೆ ಜೀವ ಬಾಯಿಗೆ ಬರುತ್ತಿತ್ತು. ಕೋತಗಿರಿಯ ಡಾಕ್ಟರು ನೋಡಿ, "ಒಳಗೆಲ್ಲ ಸವೆದು ಹೋಗಿದೆ, ರೆಸ್ಟ್ ತಗೊಳ್ಳಿ" ಎಂದಿದ್ದರು. ರೆಸ್ಟ್ ಎಂಬುದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅವಳು ಕೇಳಲಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಮರುದಿನ ಕೆಲಸಕ್ಕೆ ಹೋದಳು.

ಕಾರ್ತಿಕ ಕಳೆದರೆ ಅವಳಿಗೆ ಐವತ್ತೆಂಟು, ಅಲ್ಲಿಗೆ ಕೆಲಸ ಮುಗಿಯಿತು. ಅಲ್ಲಿನ ವಾಡಿಕೆಯೆಂದರೆ ಪರ್ಮನೆಂಟ್ ಹೆಂಗಸು ಕೆಲಸ ಬಿಡುವಾಗ ಮಗಳ ಹೆಸರನ್ನೋ ಸೊಸೆಯ ಹೆಸರನ್ನೋ ತನ್ನ ಜಾಗಕ್ಕೆ ಬರೆದು ಕೊಡಬಹುದು. ಹೆಸರು ಹೋದ ಕಡೆ, ಕೂಲಿಯವರಿಗೆಂದು ಎಸ್ಟೇಟ್ ಕೊಟ್ಟ ಲೈನ್ ಮನೆಯೂ ಹೋಗುತ್ತದೆ. ಆದರೆ ಹೆಸರು ಪಡೆಯುವವಳಿಗೆ ಮೂವತ್ತು ತುಂಬಿರಬಾರದು. ಸೊಸೆ ರಮ್ಯಾ ಆರು ವರ್ಷದಿಂದ ಟೆಂಪರವರಿಯಾಗಿ ಎಲೆ ಕೀಳುತ್ತ ಈ ಕಾರ್ತಿಕವನ್ನೇ ಕಾಯುತ್ತಿದ್ದಳು. ಸಂಕ್ರಾಂತಿ ಕಳೆದರೆ ಅವಳಿಗೆ ಮೂವತ್ತು. ನಂಜಮ್ಮನ ಗಂಡ ಮಾದಯ್ಯನ ತಾತ ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿ ಬಂದವನು. ಕೆಳಗೆ ಅವರಿಗೆ ಈಗ ಗುಂಟೆ ನೆಲವೂ ಇರಲಿಲ್ಲ. ಇದ್ದದ್ದು ಈ ಲೈನ್ ಮನೆ, ಅದೂ ನಂಜಮ್ಮನ ಹೆಸರಿನ ಬೆನ್ನಿಗೆ ಅಂಟಿಕೊಂಡು.

ಹೀಗಿರುವಾಗ ಆಷಾಢದಲ್ಲಿ ಮಿಷಿನ್ ಕೋಟು ಬಂತು. ಕೊಯಮತ್ತೂರಿನ ಯಾವುದೋ ಹೊಸ ಕಂಪನಿಯದು. ನೋಡಲು ಕಪ್ಪು ಸ್ವೆಟರಿನಂತಿತ್ತು. ಭುಜ ಮತ್ತು ಮೊಣಕೈ ಮೇಲೆ ಗಟ್ಟಿ ಪಟ್ಟಿಗಳು, ಬೆನ್ನಿಗೆ ತಿಂಡಿ ಡಬ್ಬಿಯಷ್ಟು ದೊಡ್ಡ ಬ್ಯಾಟರಿ. ತೊಟ್ಟವರ ಕೈ ಎತ್ತ ಹೊರಟಿದೆ ಎಂಬುದನ್ನು ಕೋಟು ತಾನೇ ತಿಳಿದು ಅತ್ತ ಎತ್ತಿ ಹಿಡಿಯುತ್ತದೆ ಎಂದು ಕಂಪನಿಯಿಂದ ಬಂದಿದ್ದ ತೇನ್ಮೊಳಿ ಎಂಬ ಹುಡುಗಿ ತಮಿಳಿನಲ್ಲಿ ವಿವರಿಸಿದಳು. ಯಾರಾದರೂ ಒಬ್ಬರು ಅದನ್ನು ತೊಟ್ಟು ನಾಲ್ಕು ತಿಂಗಳು ಕೆಲಸ ಮಾಡಿ ತೋರಿಸಬೇಕಿತ್ತು. ಮೇಸ್ತ್ರಿ ಜಯರಾಮನ್ ಹೆಂಗಸರ ಸಾಲನ್ನೆಲ್ಲ ನೋಡಿ ನಂಜಮ್ಮನ ಕಡೆ ಬೆರಳು ಮಾಡಿದ.

"ಇವರ ಕೈ ಎದ್ದರೆ ಯಾರ ಕೈ ಬೇಕಾದರೂ ಏಳುತ್ತೆ," ಎಂದ.

ಕೋಟು ತೊಟ್ಟು ಗಿಡದ ಮೇಲೆ ಕೈ ಚಾಚಿದಾಗ ನಂಜಮ್ಮನಿಗೆ ನೋವೇ ಆಗಲಿಲ್ಲ. ನಂಬಿಕೆ ಬರದೆ ಇನ್ನೂ ಸ್ವಲ್ಪ ಎತ್ತಿದಳು. ತಲೆಯವರೆಗೆ ಹೋಯಿತು, ತಲೆಗಿಂತ ಮೇಲೂ ಹೋಯಿತು. ಐದು ವರ್ಷದ ಮೇಲೆ ತನ್ನ ಅಂಗೈಯನ್ನು ಆಕಾಶದೆದುರು ನೋಡಿ ಅವಳಿಗೆ ನಗು ಬಂತು. ಅಷ್ಟು ಜನ ನೋಡುತ್ತಿದ್ದಾರೆಂಬ ಸಂಕೋಚವೂ ಇಲ್ಲದೆ ನಕ್ಕಳು.

"ಹದಿನೆಂಟರ ಕೈ ಬಂದಂಗದ ಕಣವ್ವ," ಎಂದು ಸಂಜೆ ರಮ್ಯಾಳಿಗೆ ಹೇಳಿದಳು. ಅದನ್ನೇ ಎರಡು ಸಲ ಹೇಳಿದಳು.

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾದಯ್ಯ ಫ್ಯಾಕ್ಟರಿಯಲ್ಲಿ ಟೀ ಧೂಳು ಕುಡಿದು ರಿಟೈರ್ ಆದವನು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. "ಕಾಲಿಗೂ ಒಂದ್ ತರ್ಸ್ಕೊ," ಎಂದ. "ಓಡೋಗಿ ಇನ್ನೊಂದ್ ಮದ್ವೆ ಆಗ್ಬೋದು."

"ಆಯ್ತೀನಿ. ನಿಮ್ ಕೆಮ್ಮು ಕೇಳೋದಾದ್ರೂ ತಪ್ತದ."

"ಕೋಟೆಲ್ಲಿ ಅತ್ತೆ?" ರಮ್ಯಾ ಮುದ್ದೆ ಕಟ್ಟುತ್ತ ಕೇಳಿದಳು.

"ತೂಕದ ಶೆಡ್ಡಲ್ಲಿ. ಮನಿಗೆ ಕೊಡಾಕಿಲ್ಲ. ಸಂಜೆ ಬಿಚ್ಚಿ ಕೊಟ್ಟು ಸೈನ್ ಹಾಕ್ಬೇಕು."

ಮಗ ಮಂಜುನಾಥ್ ಪಿಕಪ್ ಓಡಿಸಿ ಬಂದವನು ಕೈ ತೊಳೆಯುತ್ತ, "ಒಳ್ಳೇದಾಯ್ತು ಬಿಡವ್ವ," ಎಂದ. ಆ ದಿನ ಎಲ್ಲರೂ ಒಟ್ಟಿಗೆ ಕೂತು ಹುರುಳಿ ಸಾರಲ್ಲಿ ಉಂಡರು. ಮನೆಯಲ್ಲಿ ಹಾಗೆ ಉಂಡು ಬಹಳ ದಿನವಾಗಿತ್ತು.

ದಿನದ ಲೆಕ್ಕ ಇಪ್ಪತ್ತೆಂಟು ಕಿಲೋ. ಅಷ್ಟು ತೂಗದಿದ್ದರೆ ಅರ್ಧ ಕೂಲಿ, ಹೆಚ್ಚು ತೂಗಿದರೆ ಕಿಲೋಗಿಷ್ಟೆಂದು ಹೆಚ್ಚಿನ ಕೂಲಿ. ಈ ಐದು ವರ್ಷ ನಂಜಮ್ಮ ಹಲ್ಲು ಕಚ್ಚಿ ಅಷ್ಟನ್ನು ಮುಟ್ಟಿಸುತ್ತಿದ್ದಳು. ಕೋಟು ಬಂದ ಮೂರನೆಯ ವಾರಕ್ಕೆ ಮೂವತ್ತೆಂಟು ತೂಗಿತು. ಅಲ್ಲಿಂದ ಮುಂದಕ್ಕೆ ಮಡಿಲೆಲೆಯೂ ಸೇರಿತು.

ಮಡಿಲೆಲೆ ಎಂದರೆ ಅಲ್ಲಿನ ಹೆಂಗಸರು ತಾವೇ ಮಾಡಿಕೊಂಡ ಪದ್ಧತಿ. ಕೆಲಸ ಬಿಡುವವಳಿಗೆ ಕೊನೆಗೆ ಕೈಗೆ ಬರುವ ದುಡ್ಡು ಕೊನೆಯ ತಿಂಗಳುಗಳ ಕೂಲಿಯ ಮೇಲೆ ನಿಲ್ಲುತ್ತದೆ ಎಂದು ಅವರೆಲ್ಲ ತಿಳಿದಿದ್ದರು. ಹಾಗಾಗಿ ಯಾರಾದರೂ ರಿಟೈರ್ ಆಗುವ ಮುಂಚಿನ ಮೂರು ತಿಂಗಳು, ತೂಕಕ್ಕೆ ಹೋಗುವ ದಾರಿಯಲ್ಲಿ ಉಳಿದವರೆಲ್ಲ ತಮ್ಮ ಚೀಲದಿಂದ ಒಂದೊಂದು ಬೊಗಸೆ ತೆಗೆದು ಅವಳ ಚೀಲಕ್ಕೆ ಹಾಕುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವುದಿಲ್ಲವೇ, ಹಾಗೆ. ಮೇಸ್ತ್ರಿಗಳಿಗೆ ಇದು ಗೊತ್ತಿರಲಿಲ್ಲ. ನಂಜಮ್ಮ ತಾನೇ ಎಷ್ಟೋ ಜನರಿಗೆ ಹಾಕಿದವಳು, ಈಗ ಅವಳ ಸರದಿ. ಮೊದಲ ಬೊಗಸೆ ಹಾಕಿದವಳು ಜೊತೆಗಾತಿ ತಂಗಮಣಿ. ರಮ್ಯಾಳೂ ಹಾಕಿದಳು. ಹೀಗೆ ನಂಜಮ್ಮನ ಚೀಲ ದಿನಾ ಐವತ್ತು ತೂಗತೊಡಗಿತು. ಆ ತೂಕ ನೇರವಾಗಿ ಕೋಟಿನ ಕಂಪನಿಗೂ ಹೋಗುತ್ತದೆಂದು ಆ ಹೆಂಗಸರಲ್ಲಿ ಒಬ್ಬಳಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೊಡುವ ಕೈ ಅಷ್ಟೆಲ್ಲ ಯೋಚಿಸುವುದಿಲ್ಲ.

ಭಾದ್ರಪದ ಬರುವ ಹೊತ್ತಿಗೆ ಮನೆಯಲ್ಲಿ ಬೇರೆಯೇ ಕಥೆ ಶುರುವಾಗಿತ್ತು. ಕೋಟು ಬಿಚ್ಚಿದ ಮೇಲೆ ನಂಜಮ್ಮನ ಕೈಗಳಲ್ಲಿ ಹಿಂದಿದ್ದಷ್ಟು ಬಲವೂ ಉಳಿಯುತ್ತಿರಲಿಲ್ಲ. ಒದ್ದೆ ಸೀರೆ ಹಿಂಡಲಾಗುತ್ತಿರಲಿಲ್ಲ. ಒಂದು ಸಂಜೆ ಒಲೆಯಿಂದ ಅವರೆಕಾಳು ಸಾರಿನ ಪಾತ್ರೆ ಇಳಿಸಲು ಹೋದಳು. ಪಾತ್ರೆ ಕೈಜಾರಿ ಸಾರೆಲ್ಲ ನೆಲದ ಪಾಲಾಯಿತು. ರಮ್ಯಾ ಹಗಲೆಲ್ಲ ಎಲೆ ಕಿತ್ತು, ಬಂದು ಕಾಳು ಹಿದುಕಿ, ಖಾರ ಅರೆದು ಮಾಡಿದ್ದ ಸಾರು.

"ಏನ್ ಅತ್ತೆ ಇದು," ಎಂದಳು. "ಐವತ್ತು ಕಿಲೋ ಕೀಳೋ ಕೈಲಿ ಒಂದು ಪಾತ್ರೆ ಇಳಿಸಕ್ಕೆ ಆಗಲ್ವಾ?"

"ಬೇಕಂತ ಬೀಳಿಸ್ದ್ನಾ ನಾನು?"

"ಬೇಕಂತ ಅಂತ ನಾನ್ ಅಂದ್ನಾ? ಬಲ ಎಲ್ಲ ಎಸ್ಟೇಟಿಗೆ, ನೋವೆಲ್ಲ ಮನಿಗೆ. ಅಷ್ಟೇ ನಾನ್ ಹೇಳ್ತಿರೋದು."

ನಂಜಮ್ಮ ಬಟ್ಟೆ ತಂದು ಒರೆಸಲು ಬಗ್ಗಿದಳು. ರಮ್ಯಾ ಬಟ್ಟೆ ಕಿತ್ತುಕೊಂಡು ತಾನೇ ಒರೆಸಿದಳು. ಅವತ್ತು ಮುದ್ದೆಗೆ ಮಜ್ಜಿಗೆ, ಉಪ್ಪಿನಕಾಯಿ. ಮಾದಯ್ಯ ತಮಾಷೆಗೆ ಏನೋ ಹೇಳಲು ಬಾಯಿ ತೆರೆದವನು ಸೊಸೆಯ ಮುಖ ನೋಡಿ ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡ.

ಮರುದಿನ ಶೆಡ್ಡಿನಲ್ಲಿ ನಂಜಮ್ಮ ತೇನ್ಮೊಳಿಯನ್ನು ಕೇಳಿದಳು. ಹುಡುಗಿ ಒಳ್ಳೆಯವಳು, ಮುಚ್ಚಿಡಲಿಲ್ಲ. "ಎತ್ತುವ ಕೆಲಸ ಕೋಟೇ ಮಾಡುವಾಗ ನಿಮ್ಮ ಮೈಯಿನ ಸ್ನಾಯು ಸೋಮಾರಿಯಾಗುತ್ತೆ ಅಮ್ಮಾ. ಮನೆಯಲ್ಲಿ ಗೋಡೆ ಹಿಡಿದು ದಿನಾ ಕೈ ಎತ್ತಿ ಇಳಿಸಿ," ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು.

"ಅದರ ಬದಲು ಕೋಟನ್ನೇ ಮನೆಗೆ ಕೊಡಬಾರದಾ?"

"ಅದು ಕಂಪನಿಯದಮ್ಮಾ," ಎಂದು ತೇನ್ಮೊಳಿ ತಲೆ ತಗ್ಗಿಸಿ ಬ್ಯಾಟರಿ ಸಿಕ್ಕಿಸಿದಳು. ಗೋಡೆ ಹಿಡಿಯುವ ವ್ಯಾಯಾಮ ಎರಡು ದಿನ ನಡೆಯಿತು. ಮೂರನೆಯ ದಿನ ನೀರು ಹಿಡಿಯುವ ಸರದಿ ಬಂತು, ಆಮೇಲೆ ನಂಜಮ್ಮ ಅದನ್ನು ಮರೆತಳು.

ಕಾರ್ತಿಕದ ಮೊದಲ ಭಾನುವಾರ ಜಯರಾಮನ್ ಮನೆಗೇ ಬಂದ. ಮೇಸ್ತ್ರಿ ಲೈನ್ ಮನೆಯೊಳಗೆ ಬಂದು ಕೂತದ್ದು ಅದೇ ಮೊದಲು. ರಮ್ಯಾ ಕಾಫಿ ಕೊಟ್ಟಳು.

"ದೊರೆಗೆ ತುಂಬಾ ಸಂತೋಷ ನಂಜಮ್ಮಾ," ಎಂದ. ದೊರೆ ಎಂದರೆ ಮ್ಯಾನೇಜರ್. "ಬರೋ ಬುಧವಾರ ಕೊಯಮತ್ತೂರಿಂದ ಕಂಪನಿ ದೊಡ್ಡವರು ಬರ್ತಾರೆ. ಅವತ್ತು ಅವರ ಕಣ್ಣೆದುರು ಒಂದು ಸಾಲು ನೀವೊಬ್ಬರೇ ಕೀಳಬೇಕು. ನಲವತ್ತು ಕಿಲೋ ದಾಟಿತು ಅಂದ್ರೆ ಐವತ್ತೆಂಟಾದ ಮೇಲೂ ಎರಡು ವರ್ಷ ನಿಮ್ಮನ್ನ ಇಟ್ಕೊಳ್ತಾರೆ, ಕೋಟಿನ ಜೊತೆ."

ಮಂಜುನಾಥನ ಮುಖ ಅರಳಿತು. ರಮ್ಯಾ ಬಾಗಿಲಲ್ಲೇ ನಿಂತು ಕೇಳಿದಳು: "ಮತ್ತೆ ನನ್ನ ಹೆಸರು, ಸಾರ್?"

"ಅವರು ಕೆಲಸದಲ್ಲಿರೋವಾಗ ಹೆಸರು ಹೇಗಮ್ಮಾ ಬದಲಾಗುತ್ತೆ? ಎರಡು ವರ್ಷ ಹೋಗಲಿ."

"ಅಷ್ಟೊತ್ತಿಗೆ ನಂಗೆ ಮೂವತ್ತೆರಡು ಹತ್ರ."

ಜಯರಾಮನ್ ಕಾಫಿ ಲೋಟ ಕೆಳಗಿಟ್ಟ. "ಇನ್ನೊಂದು ವಿಷಯ. ಆಮೇಲೆ ಎಲ್ಲರಿಗೂ ಕೋಟು ಬರುತ್ತೆ. ಅವತ್ತು ನಂಜಮ್ಮನ ತೂಕ ಎಷ್ಟು ಬರುತ್ತೋ ಅದರಲ್ಲಿ ಐದು ಕಿಲೋ ಕಳೆದು ಉಳಿದದ್ದೇ ಎಲ್ಲರಿಗೂ ದಿನದ ಲೆಕ್ಕ. ಐವತ್ತು ಬಂದ್ರೆ ನಲವತ್ತೈದು."

ಅವನು ಹೋದ ಮೇಲೆ ಮೊದಲು ಬಾಯಿ ಬಿಟ್ಟವನು ಮಂಜುನಾಥ್.

"ಎರಡು ವರ್ಷದ ಸಂಬಳ ಅಂದ್ರೆ ಸುಮ್ನೆ ಆಯ್ತದಾ? ಬರೋದ ಬ್ಯಾಡ ಅನ್ನದಾ?"

"ಎರಡು ವರ್ಷ ಆದ್ಮೇಲೆ ಎಲ್ಲಿಗೋಗದು?" ರಮ್ಯಾ ಗಂಡನನ್ನು ಕೇಳಿದಳು. "ನಿಮ್ಮ ಪಿಕಪ್ಪಲ್ಲಿ ಮಲಗದಾ?"

"ಆವಾಗ ನೋಡ್ಕಂಡ್ರಾಯ್ತು."

"ಆರು ವರ್ಷದಿಂದ ಆವಾಗ ನೋಡದು ಅಂತ್ಲೇ ಹೇಳ್ತಿದ್ದೀರಿ." ಅವಳು ಅತ್ತೆಯ ಕಡೆ ತಿರುಗಿದಳು. "ನೀವೇ ಹೇಳಿ ಅತ್ತೆ. ನಿಮ್ಮ ಮನ್ಸಲ್ಲಿ ಏನದ?"

ನಂಜಮ್ಮನ ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳುವಂಥದ್ದಲ್ಲ. ಆದರೂ ಹೇಳಿದಳು. "ನಂಗೆ ಕೈ ಬೇಕು ಕಣೆ. ಐದು ವರ್ಷ ನಿನ್ನ ಮುಂದೆ ನಿಂತು ರವಿಕೆ ಹುಕ್ಕು ಹಾಕಿಸ್ಕಂಡಿದ್ದೀನಿ. ದಿನಾ ಎಂಟು ಗಂಟೆ ಆದ್ರೂ ನಾನು ಮನುಷ್ಯರಂಗೆ ಇರ್ತೀನಿ. ಅದನ್ನ ಬಿಡು ಅಂದ್ರೆ ಎಂಗೆ ಬಿಡ್ಲಿ?"

"ನಾನು ಹುಕ್ಕು ಹಾಕಕ್ಕೆ ಯಾವತ್ತಾದ್ರೂ ಮುಖ ಸಿಂಡರ್ಸಿದ್ದೀನಾ?"

"ಇಲ್ಲ. ಇಲ್ಲ ಕಣವ್ವ. ಅದುನ್ನೂ ಹೇಳ್ತೀನಿ, ಇಲ್ಲ."

ಮಾದಯ್ಯ ಕೆಮ್ಮು ನಿಲ್ಲುವವರೆಗೆ ಕಾದು, "ಇಬ್ರು ಹೇಳದೂ ಸರಿಯಾಗೇ ಅದ," ಎಂದ. "ಅದೇ ಕಷ್ಟ." ಆಮೇಲೆ ಬೀಡಿ ಹುಡುಕುತ್ತ ಹೊರಗೆ ಹೋದ. ಡಾಕ್ಟರು ಬೀಡಿ ಬಿಡಿಸಿ ಮೂರು ವರ್ಷವಾಗಿತ್ತು, ಸಿಗುವುದಿಲ್ಲವೆಂದು ಗೊತ್ತಿದ್ದರಿಂದ ಯಾರೂ ತಡೆಯಲಿಲ್ಲ.

ಮಾರನೆಯ ದಿನದಿಂದ ರಮ್ಯಾ ಅತ್ತೆಯ ಜೊತೆ ಮಾತು ಬಿಟ್ಟಳು. ಮುದ್ದೆ ಮಾಡುತ್ತಿದ್ದಳು, ತಟ್ಟೆಗೆ ಹಾಕಿಡುತ್ತಿದ್ದಳು, ಬೆಳಿಗ್ಗೆ ಹುಕ್ಕು ಹಾಕಿಕೊಡುತ್ತಿದ್ದಳು, ಆದರೆ ಬಾಯಿ ಬಿಡುತ್ತಿರಲಿಲ್ಲ. ನಂಜಮ್ಮನಿಗೆ ಅದಕ್ಕಿಂತ ಬಯ್ದಿದ್ದರೇ ವಾಸಿ ಅನ್ನಿಸಿತು.

ಮಂಗಳವಾರ ನಲ್ಲಿಯ ಹತ್ತಿರ ತಂಗಮಣಿ ಸಿಕ್ಕಳು. ತಮಿಳಿನವಳಾದರೂ ಲೈನಿನಲ್ಲೇ ಹುಟ್ಟಿದವಳು, ನಂಜಮ್ಮನ ಜೊತೆ ಕನ್ನಡವೇ. ಸುದ್ದಿ ಅಷ್ಟೊತ್ತಿಗೆ ಎಲ್ಲ ಮನೆ ಸುತ್ತಿತ್ತು.

"ನಿನ್ನ ಮಡಿಲಿಗೆ ನಾವು ಹಾಕಿದ ಎಲೆ ನಮ್ಮ ಕುತ್ತಿಗೆಗೇ ಬಂತು ನೋಡು," ಎಂದಳು.

"ನಾನು ಕೇಳ್ದ್ನಾ ತಂಗಮಣಿ?"

"ಕೇಳ್ಲಿಲ್ಲ. ಯಾರೂ ಕೇಳಲ್ಲ, ನಾವೇ ಹಾಕ್ತೀವಿ." ತಂಗಮಣಿ ಬಿಂದಿಗೆ ಇಳಿಸಿ ಮೊಣಕಾಲು ಹಿಡಿದು ಕಲ್ಲಿನ ಮೇಲೆ ಕೂತಳು. "ಕೋಟು ಕೈ ಎತ್ತುತ್ತೆ, ಸರಿ. ಗುಡ್ಡ ಹತ್ತೋದು ಕಾಲಲ್ವಾ? ನಲವತ್ತೈದು ಕಿಲೋ ಬೆನ್ನಿಗೆ ಹಾಕ್ಕೊಂಡು ನನ್ನ ಈ ಮೊಣಕಾಲು ಎಷ್ಟು ದಿನ ಹತ್ತುತ್ತೆ, ನೀನೇ ಹೇಳು. ಅರ್ಧ ಕೂಲೀಲಿ ನಾನು ಏನು ತಿನ್ನಲಿ?"

"ಎಲ್ಲ ಸೇರಿ ಹಾಕಿದ ಎಲೆ ಅಂತ ಹೋಗಿ ಹೇಳ್ಬಿಡ್ಲಾ?"

"ಹೇಳು. ಕಳ್ಳತೂಕ ಹಾಕಿದ್ರು ಅಂತ ಇಪ್ಪತ್ತು ಜನಾನೂ ಹೊರಗೆ ಹಾಕ್ಲಿ."

ನಂಜಮ್ಮ ನೀರು ಹಿಡಿಯದೆಯೇ ಮನೆಗೆ ಬಂದಳು.

ಬುಧವಾರ ಬೆಳಿಗ್ಗೆ ಅವಳು ಕೀಳಬೇಕೆಂದೇ ಹೋದಳು. ಇದನ್ನು ಮುಚ್ಚಿಡುವುದೇಕೆ? ಕೋಟು ತೊಟ್ಟಾಗ ಭುಜಕ್ಕೆ ಬಂದ ಆ ಹಗುರದಲ್ಲಿ ಸೊಸೆ, ತಂಗಮಣಿ, ಮನೆ ಯಾವುದೂ ಅವಳ ನೆನಪಿಗೆ ಬರಲಿಲ್ಲ. ಮೇಲೆ ರಸ್ತೆಯಲ್ಲಿ ಮ್ಯಾನೇಜರ್, ಕಂಪನಿಯ ಇಬ್ಬರು ದೊಡ್ಡವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತೇನ್ಮೊಳಿ ಫೋನ್ ಹಿಡಿದು ನಿಂತಿದ್ದಳು. ನಡುವಿನ ಸಾಲು ನಂಜಮ್ಮನದು. ಬಲಕ್ಕೆ ರಮ್ಯಾ, ಎಡಕ್ಕೆ ತಂಗಮಣಿ, ಆಚೆ ಈಚೆ ಉಳಿದವರು. ಮಳೆ ನಿಂತು ವಾರವಾಗಿತ್ತು, ಚಿಗುರು ಕಿಕ್ಕಿರಿದು ಬಂದಿತ್ತು. ನಂಜಮ್ಮನ ಎರಡು ಕೈಯೂ ಹಾರಾಡಿದವು. ಒಂದೇ ಗಂಟೆಯಲ್ಲಿ ಎಂಟು ಕಿಲೋದಷ್ಟು ಚೀಲಕ್ಕೆ ಬಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವಳು ಯಾವತ್ತೂ ಕಿತ್ತಿರಲಿಲ್ಲ.

ಬೆನ್ನು ನೆಟ್ಟಗೆ ಮಾಡಲು ನಿಂತಾಗ ಹಿಂದೆ ನೋಡಿದಳು. ರಮ್ಯಾ ಬಹಳ ಹಿಂದೆ ಇದ್ದಳು. ಬರಿಗೈಯಲ್ಲಿ ಅತ್ತೆಯ ಜೊತೆ ಹೆಜ್ಜೆ ಹಾಕಲು ಏದುಸಿರು ಬಿಡುತ್ತಿದ್ದಳು. ಇಪ್ಪತ್ತೊಂಬತ್ತರ ಹುಡುಗಿ, ಎಡಗೈಯಿಂದ ತನ್ನ ಬಲಭುಜವನ್ನು ಒತ್ತಿಕೊಳ್ಳುತ್ತಿದ್ದಳು. ನಂಜಮ್ಮನ ನೋವು ಶುರುವಾದದ್ದೂ ಸರಿಯಾಗಿ ಅದೇ ಜಾಗದಲ್ಲಿ.

ಅಲ್ಲಿಂದ ಮುಂದೆ ಅವಳು ಚಿಗುರು ಬಿಡತೊಡಗಿದಳು. ಎರಡು ಕಿತ್ತರೆ ಎರಡು ಬಿಟ್ಟಳು. ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಕೈ ಹೊರಟ ಕಡೆಗೆ ಕೋಟು ತಾನೇ ಎತ್ತಿಕೊಂಡು ಹೋಗುತ್ತಿತ್ತು, ಅವಳು ಅದರ ವಿರುದ್ಧ ಎಳೆದು ಹಿಂದಕ್ಕೆ ತರಬೇಕಿತ್ತು. ಇದ್ದಬದ್ದ ಸ್ವಂತ ಬಲವನ್ನೆಲ್ಲ ಹಾಕಿ, ತನ್ನ ಕೈಯನ್ನು ತಾನೇ ತಡೆದಳು. ಮಧ್ಯಾಹ್ನದ ಹೊತ್ತಿಗೆ ಭುಜ ಉರಿಯತೊಡಗಿತು. ಬೆರಳಿಗೆ ಸಿಕ್ಕ ಎಳೆ ಚಿಗುರನ್ನು ಬಿಟ್ಟು ಹೋಗುವುದು ಉಂಡ ತಟ್ಟೆಯಲ್ಲಿ ಅನ್ನ ಬಿಟ್ಟ ಹಾಗೆ ಅವಳಿಗೆ ಪಾಪವೆನಿಸುತ್ತಿತ್ತು.

ಬಿಟ್ಟ ಚಿಗುರು ಗಿಡದ ಮೇಲೆ ತಲೆಯೆತ್ತಿ ನಿಂತಿರುತ್ತದೆ, ಜಯರಾಮನ್ ಹಿಂದಿನಿಂದ ನಡೆದು ಬಂದರೆ ಮೊದಲ ನೋಟಕ್ಕೇ ತಿಳಿಯುತ್ತಿತ್ತು. ನಂಜಮ್ಮನಿಗೆ ಅದು ಹೊಳೆದದ್ದು ತಡವಾಗಿ. ತಿರುಗಿ ನೋಡಿದಳು. ರಮ್ಯಾ ಸಾಲಿನಾಚೆಯಿಂದ ಬಗ್ಗಿ, ಅತ್ತೆ ಬಿಟ್ಟದ್ದನ್ನೆಲ್ಲ ಕಿತ್ತು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಈ ಕಡೆಯಿಂದ ತಂಗಮಣಿಯ ಕೈಯೂ ಬಂದಿತ್ತು. ಇಬ್ಬರೂ ತಲೆ ಎತ್ತಲಿಲ್ಲ. ಅವರ ಚೀಲ ತುಂಬಿ ಮಿಕ್ಕಿದ್ದು ಆಚೆ ಸಾಲಿನವರ ಚೀಲಕ್ಕೆ, ಅಲ್ಲಿಂದ ಅದರಾಚೆಯವರಿಗೆ ಹೋಯಿತು. ಸಂಜೆ ಶೆಡ್ಡಿನಲ್ಲಿ ಯಾರ ಚೀಲವೂ ಅನುಮಾನ ಬರುವಷ್ಟು ತೂಗಲಿಲ್ಲ.

"ನಂಜಮ್ಮ, ಇಪ್ಪತ್ತೊಂಬತ್ತು," ಎಂದು ಜಯರಾಮನ್ ಕೂಗಿದ. ಚೀಲ ಇಳಿಸಿ ಮತ್ತೊಮ್ಮೆ ತೂಗಿದ. "ಇಪ್ಪತ್ತೊಂಬತ್ತೇ."

ಒಂದು ಕಾಲಕ್ಕೆ ಅದೇ ಶೆಡ್ಡಿನಲ್ಲಿ ಹೆಚ್ಚು ತೂಗಿದವಳೆಂದು ಮೊದಲು ಕೂಗುತ್ತಿದ್ದದ್ದು ಅವಳ ಹೆಸರನ್ನು. ಮ್ಯಾನೇಜರ್ ಕಂಪನಿಯವರ ಮುಖ ನೋಡಿದರು. ಕಂಪನಿಯವರು ತೇನ್ಮೊಳಿಯ ಮುಖ ನೋಡಿದರು. ಹುಡುಗಿ ಹತ್ತಿರ ಬಂದು ಫೋನ್ ನೋಡುತ್ತ ಮೆಲ್ಲಗೆ ಕೇಳಿದಳು: "ಇವತ್ತು ನಿಮ್ಮ ಕೈ ಕೋಟಿನ ವಿರುದ್ಧ ಎಳೆದಿದೆ ಅಂತ ತೋರಿಸ್ತಿದೆ ಅಮ್ಮಾ. ಯಾಕೆ?"

"ವಯಸ್ಸಾಯ್ತು ಕಣವ್ವ," ಎಂದಳು ನಂಜಮ್ಮ. "ನಿನ್ನ ಕೋಟಿನ ತಪ್ಪಲ್ಲ. ನಂಗೇ ಆಗಲ್ಲ."

ತೇನ್ಮೊಳಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಫೋನ್ ಆರಿಸಿ ಜ್ವರದ ಲಕ್ಷಣ ಇದೆ ಎಂದೋ ಏನೋ ದೊಡ್ಡವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವರಲ್ಲೊಬ್ಬ, "ಮುದುಕಿಯರಿಗೆ ಏನು ತೊಡಿಸಿದರೂ ಅಷ್ಟೇ," ಎಂದು ತಮಿಳಿನಲ್ಲಿ ನಕ್ಕ. ಜಯರಾಮನ್ನೂ ನಕ್ಕ. ರಮ್ಯಾ ಮುಂದೆ ಬಂದು ಏನೋ ಹೇಳಲು ಹೋದಳು. ನಂಜಮ್ಮ ಅವಳ ಸೆರಗು ಹಿಡಿದು ಎಳೆದಳು.

ನಲವತ್ತು ದಾಟದ್ದರಿಂದ ಎಲ್ಲರಿಗೂ ಕೋಟು ಎಂಬ ಮಾತು ಅಲ್ಲಿಗೇ ನಿಂತಿತು, ದಿನದ ಲೆಕ್ಕ ಇಪ್ಪತ್ತೆಂಟೇ ಉಳಿಯಿತು. ನಂಜಮ್ಮನ ಕೆಲಸ ತಿಂಗಳ ಕೊನೆಗೆ ಮುಗಿಯುವುದೆಂದೂ, ಹೆಸರಿನ ಕಾಗದ ನಾಳೆಯೇ ಕೊಡಬಹುದೆಂದೂ ಜಯರಾಮನ್ ಹೇಳಿದ. ಕೋಟು ಬಿಚ್ಚುವಾಗ ಅವಳ ತೋಳುಗಳು ಎರಡು ಬದಿಗೂ ಜೋತುಬಿದ್ದವು. ತೇನ್ಮೊಳಿ ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ನಂಜಮ್ಮನಿಗೆ ಸತ್ತವರನ್ನು ಬಿಟ್ಟು ಬಂದಷ್ಟು ದುಃಖವಾಯಿತು. ಅಲ್ಲಿ ಅಳಲಿಲ್ಲ.

ಲೈನ್ ಮನೆಗೆ ಹತ್ತುವ ದಾರಿಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಮೂರು ದಿನದ ಮೇಲೆ ರಮ್ಯಾ ಬಾಯಿ ಬಿಟ್ಟಳು.

"ತುಂಬಾ ನೋಯ್ತಾದ ಅತ್ತೆ?"

"ನೋಯ್ತದ."

ತಿರುವಿನಲ್ಲಿ ನಂಜಮ್ಮ ನಿಂತಳು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲು ಕೈ ಏಳಲಿಲ್ಲ.

"ಐವತ್ತು ಬತ್ತಿತ್ತು ಕಣೆ ಇವತ್ತು," ಎಂದಳು. "ಯಾರ ಒಂದು ಎಲೆನೂ ಇಲ್ದೆ, ನಾನೊಬ್ಳೆ. ಸುಳ್ಳು ಹೇಳ್ತಿಲ್ಲ."

"ನೀವು ಬಿಟ್ಟಿದ್ದ ಎಲ್ಲ ಕಿತ್ತೋಳು ನಾನು," ಎಂದಳು ರಮ್ಯಾ. ತನ್ನ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು. "ಐವತ್ತಲ್ಲ ಅತ್ತೆ. ಐವತ್ತೈದು ಬತ್ತಿತ್ತು."